ಮಾಸ್ತರರ ಪಿಂಚಣಿ, ಜಮಾದಾರರ ಪಿಂಚಣಿ

ಹೋದ ವಾರ ಮಗಳ ಶಾಲೆಯ ಬೂಟಿಗೆ ಪಾಲಿಶ್ ಹಚ್ಚಬೇಕೆಂದು ಡಬ್ಬಿಯ ಮುಚ್ಚಳ ತೆಗೆದೆ. ಬಿಸಿಲಿಗೆ ಕರಗಿ ಒಂದು ಬದಿಗೆ ಸರಿದಿದ್ದ ಆ ಕರಿ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಇಂಡಿ ಊರಿನ ನಮ್ಮ ಓಣಿ ಕಣ್ಣ ಮುಂದೆ ಬಂದು ನಿಂತಿತು. ಪಕ್ಕದ ಮನೆಯ ಕಟ್ಟೆ, ಬೆಳಗಿನ ಎಳೆ ಬಿಸಿಲು, ಬನಿಯನ್ ಹಾಕಿಕೊಂಡು ಕುಳಿತ ಜಮಾದಾರ ಕಾಕಾ... ಎಡಗೈಯನ್ನು ಬೂಟಿನೊಳಗೆ ತೂರಿಸಿ ಬಲಗೈಯಿಂದ ಉಜ್ಜುತ್ತಿದ್ದರು, ಉಜ್ಜುತ್ತಲೇ ಇರುತ್ತಿದ್ದರು. ನಿವೃತ್ತರಾದ ಮೇಲೂ ಆ ಕೆಲಸ ಒಂದು ದಿನ ತಪ್ಪಿದ್ದಿಲ್ಲ. ಮೇಲೆ ಬಿಳಿ ಅಂಗಿ, ಕೆಳಗೆ ಧೋತರ, ಅದರ ಕೆಳಗೆ ಮುಖ ನೋಡಿಕೊಳ್ಳಬಹುದಾದಂಥ ಬೂಟು. "ಇವರು ಮದಿವಿಗೆ ಹೊಂಟಾರೋ ಪರೇಡಿಗೆ ಹೊಂಟಾರೋ ನನಗರ ಎಲ್ಲಿ ಗೊತ್ತಾಗ್ತೈತಿ" ಎಂದು ಅವರ ಹೆಂಡತಿ, ನಮ್ಮ ಕಾಕು, ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕಾಕಾ ಅಂದರೆ ರಕ್ತ ಸಂಬಂಧದ ಕಾಕಾ ಅಲ್ಲ. ನಮಗೂ ಅವರಿಗೂ ನಡುವೆ ಒಂದು ಗೋಡೆ, ಅಷ್ಟೇ ಸಂಬಂಧ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಠಾಣೆಯಿಂದ ಠಾಣೆಗೆ ತಿರುಗಿ, ಕೊನೆಗೆ ಇಂಡಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ನಮ್ಮ ಓಣಿಯಲ್ಲೇ ಮನೆ ಮಾಡಿದ್ದರು. ಹೆಡ್ ಕಾನ್‌ಸ್ಟೇಬಲ್ ಅಂದರೆ ನಮ್ಮ ಕಡೆ ಜಮಾದಾರ. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಕಾಕಾ ನಿವೃತ್ತರಾದ ಮರುವರ್ಷ ಅಪ್ಪನೂ ಹತ್ತಿರದ ಸಾಲೋಟಗಿಯ ಮಕ್ಕಳ ಕಿವಿ ಹಿಂಡಿ ಹಿಂಡಿ ನಿವೃತ್ತರಾದರು. ಕಟ್ಟೆಗೆ ಇಬ್ಬರು ಪಿಂಚಣಿದಾರರು ಸಿಕ್ಕರು, ಓಣಿಗೆ ಪುಕ್ಕಟೆ ಮನರಂಜನೆ ಸಿಕ್ಕಿತು.

ಜಗಳ ಯಾವಾಗಲೂ ಒಂದೇ. ಪೊಲೀಸರಿಗೆ ಕೊಡುವ ಪಿಂಚಣಿ ನ್ಯಾಯವೋ ಅನ್ಯಾಯವೋ? ಸರಕಾರ ಒಂದೇ, ನಿಯಮ ಒಂದೇ, ಕೊನೆಯ ಪಗಾರದ ಅರ್ಧ ನನಗೂ ಕೊಡುತ್ತದೆ, ನಿಮಗೂ ಕೊಡುತ್ತದೆ, ಎಲ್ಲರಿಗೂ ಒಂದೇ ತಕ್ಕಡಿ ಇರುವಾಗ ಅನ್ಯಾಯ ಎಲ್ಲಿಂದ ಬಂತು ಎಂದು ಅಪ್ಪನ ವಾದ. ಕಾಕಾ ಬಿಡುತ್ತಿರಲಿಲ್ಲ.

"ಮಾಸ್ತರ್ರ, ತಕ್ಕಡಿ ಒಂದ ಖರೆ. ಅದರಾಗ ಹಾಕಿದ್ದು ಒಂದ ಐತೇನ್ರಿ? ನಿಮಗ ಬ್ಯಾಸಿಗಿ ಸೂಟಿ, ದಸರಾ ಸೂಟಿ, ಐತವಾರ ಸೂಟಿ. ನಮಗ ವಾರದ ರಜಾ ಅನ್ನೂದು ಹೆಸರಿಗೆ ಇತ್ತು. ಅರ್ಜೆಂಟ್ ಅಂತ ಕರದ್ರ ಅದೂ ಹೋತು. ಪ್ರಮೋಷನ್ ಅನ್ನೂದು ಆಮಿ ಹೆಜ್ಜಿ. ಕಡೀ ಪಗಾರನ ಸಣ್ಣದಿದ್ರ ಅದರ ಅರ್ಧ ಎಷ್ಟು ದೊಡ್ಡದು ಆಗ್ತೈತ್ರಿ?"

"ಅಂದ್ರ ನಾವು ಹರಟಿ ಹೊಡಕೋತ ಕುಂತಿದ್ವೇನ್ರಿ? ಜನಗಣತಿ ಯಾರು ಮಾಡಿದ್ರು? ಇಲೆಕ್ಷನ್ ಯಾರು ಮಾಡಿದ್ರು?"

"ಇಲೆಕ್ಷನ್ನಾಗ ನೀವು ಒಳಗ ಕುರ್ಚಿ ಮ್ಯಾಲಿದ್ರಿ. ಹೊರಗ ನಿಂತಾಂವ ನಾನು."

ಇಷ್ಟಾಗುವ ಹೊತ್ತಿಗೆ ದನದ ದವಾಖಾನೆಯ ನಿವೃತ್ತ ಕಂಪೌಂಡರ್ ಬಂದು ನಡುವೆ ಕುಳಿತುಕೊಳ್ಳುತ್ತಿದ್ದರು. ಎಮ್ಮೆ ಗಡಿಯಾರ ನೋಡಿ ಈಯುತ್ತದೆಯೇ, ನನಗೇನು ಹೊತ್ತು ಗೊತ್ತು ಇತ್ತೇ ಎಂದು ಅವರ ಅಹವಾಲು. ಅದನ್ನು ಅಪ್ಪನೂ ಕೇಳುತ್ತಿರಲಿಲ್ಲ, ಕಾಕಾನೂ ಕೇಳುತ್ತಿರಲಿಲ್ಲ. ಕಾಕು ಚಹಾ ತಂದು ಇಟ್ಟರೆ ಆ ದಿನದ ಜಗಳ ಮುಗಿದಂತೆ. ಮರುದಿನ ಸಂಜೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರು.

ಕಾಕಾನ ಮನೆಯಲ್ಲಿ ಒಂದು ವಿಚಿತ್ರ ರೂಢಿ ಇತ್ತು. ಊರೆಲ್ಲ ಹಬ್ಬ ಮಾಡಿ ಮುಗಿಸಿದ ಮರುದಿನ ಅವರ ಮನೆಯಲ್ಲಿ ಹಬ್ಬ. ನೌಕರಿಯಲ್ಲಿದ್ದಾಗ ಹಬ್ಬದ ದಿನ ಬಂದೋಬಸ್ತು ತಪ್ಪುತ್ತಿರಲಿಲ್ಲ. ಮನೆಯ ಯಜಮಾನನೇ ಇಲ್ಲದೆ ಕಾಕು ಹೋಳಿಗೆ ಯಾರಿಗೆ ಬಡಿಸಬೇಕು? ಹಾಗಾಗಿ ಮರುದಿನ ಅವರು ಸ್ನಾನ ಮಾಡಿ ನಿದ್ದೆ ತೀರಿಸಿಕೊಂಡು ಎದ್ದ ಮೇಲೆ ದೀಪ, ನೈವೇದ್ಯ, ಊಟ. ಪೊಲೀಸ್ ಲೈನಿನ ಎಷ್ಟೋ ಮನೆಗಳಲ್ಲಿ ಹೀಗೇ ಅಂತೆ. ನಮ್ಮ ಪಾಲಿಗೆ ಇದು ಒಳ್ಳೆಯದೇ ಆಗಿತ್ತು. ಪಂಚಮಿಯ ದಿನ ನಮ್ಮ ಮನೆಯ ಉಂಡಿ, ಮರುದಿನ ಕಾಕುವಿನ ಉಂಡಿ. ನಾನಂತೂ ಎರಡನೆಯದಕ್ಕೇ ಹೆಚ್ಚು ಕಾಯುತ್ತಿದ್ದೆ, ಏಕೆಂದರೆ ಕಾಕು ಏಲಕ್ಕಿ ಕೈ ಬಿಚ್ಚಿ ಹಾಕುತ್ತಿದ್ದಳು.

ನಿವೃತ್ತರಾದ ಮೇಲಾದರೂ ದಿನಕ್ಕೆ ಸರಿಯಾಗಿ ಹಬ್ಬ ಮಾಡೋಣ ಎಂದು ಕಾಕು ಆಸೆಪಟ್ಟಳು. ಮೊದಲ ದಸರಾ ಬಂತು. ನಸುಕಿಗೇ ಎದ್ದು ಹೂರಣ ರುಬ್ಬಿದಳು. ಕಾಕಾನೂ ನಸುಕಿಗೇ ಎದ್ದರು, ಜಳಕ ಮಾಡಿದರು, ಬೂಟು ಹಾಕಿದರು, ಕೈಯಲ್ಲಿ ಒಂದು ಬೆತ್ತ ಹಿಡಿದರು, ಹೋದರು. ಎಲ್ಲಿಗೆ? ಪೇಟೆಯ ಸರ್ಕಲ್ಲಿಗೆ. ಅಲ್ಲಿ ನಿಂತು ಟೆಂಪೋ ಸರಿಸುವುದೇನು, ಹೂವಿನ ಬುಟ್ಟಿಗಳನ್ನು ಹಿಂದಕ್ಕೆ ಹಾಕಿಸುವುದೇನು... ಡ್ಯೂಟಿಯ ಮೇಲಿದ್ದ ಹುಡುಗರು ಹಿರಿಯರೆಂದು ಸಲಾಮು ಹೊಡೆದು ಚಹಾ ಕುಡಿಸಿದರಂತೆ. ಮಧ್ಯಾಹ್ನ ಸಾಹೇಬರು ಜೀಪಿನಿಂದ ಇಳಿದು, "ಜಮಾದಾರ್ರ, ನೀವು ರಿಟೈರ್ ಆಗೀರಿ, ಮನಿಗೆ ಹೋಗಿ ಹೋಳಿಗಿ ಉಣ್ರಿ" ಅಂದಾಗಲೇ ಕಾಕಾನಿಗೆ ಎಚ್ಚರ ಬಂದದ್ದು. ಮನೆಗೆ ಬಂದವರೇ ಗೋಡೆಗೆ ಒರಗಿ ಮಲಗಿಬಿಟ್ಟರು. ಅವರ ಹಬ್ಬ ಮತ್ತೆ ಮರುದಿನಕ್ಕೇ ಬಿತ್ತು.

ಮರುದಿನ ಬನ್ನಿ ಎಲೆ ಹಿಡಿದು ನಮ್ಮ ಮನೆಗೆ ಬಂದರು. ನಾವು ಹಿಂದಿನ ದಿನ ಹಂಚಿಕೊಂಡ ಬನ್ನಿ ಅಷ್ಟರಲ್ಲಿ ಒಣಗಿ ಮುರುಟಿತ್ತು. ದಸರಾ ನಿನ್ನೆಯೇ ಮುಗಿಯಿತಲ್ಲ ಎಂದು ಅಪ್ಪ ಕಾಲೆಳೆದರೆ, "ನಿಮ್ಮದು ಮುಗೀತ್ರಿ. ಡಿಪಾರ್ಟ್‌ಮೆಂಟಿಂದು ಇವತ್ತ" ಅಂದರು. ಆಮೇಲೆ ಕಾಕು ಆ ಪ್ರಯತ್ನವನ್ನೇ ಬಿಟ್ಟಳು.

ಇದನ್ನೆಲ್ಲ ಇಷ್ಟು ವಿವರವಾಗಿ ನೆನೆಯುತ್ತಿರುವುದು ನನ್ನ ಸ್ವಾರ್ಥಕ್ಕೆ. ನನ್ನ ಮದುವೆ ಇದರ ಮೇಲೆಯೇ ನಿಂತಿತ್ತು.

ಆಗ ನಾನು ಇಂಡಿಯಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಪಿಂಚಣಿಯ ಗಾಳಿಯೂ ಬೀಸದ ಶಾಲೆ ಅದು. ಮನೆಗೆ ಎರಡು ಸಂಬಂಧ ಬಂದವು. ಒಂದು ಸಿಂದಗಿಯ ಹುಡುಗ, ಸರಕಾರಿ ಶಾಲೆಯ ಮಾಸ್ತರ. ಇನ್ನೊಂದು ಮುದ್ದೇಬಿಹಾಳದ ಹುಡುಗ, ಪೊಲೀಸ್ ಕಾನ್‌ಸ್ಟೇಬಲ್. ಸಿಂದಗಿಯವರು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು, ಅವಲಕ್ಕಿ ತಿಂದು, ನನಗೆ ಅಡುಗೆ ಬರುತ್ತದೆಯೇ ಎಂದು ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿ ಹೋದರು. ಮುದ್ದೇಬಿಹಾಳದ ಹುಡುಗ ಹೇಳಿದ ದಿನ ಬರಲೇ ಇಲ್ಲ. ಮರುದಿನ ಬಂದ. ಕಣ್ಣು ಕೆಂಪಗಿದ್ದವು. ಏನೇನೋ ನೆಪ ಹೇಳಲಿಲ್ಲ, ಬಂದೋಬಸ್ತಿತ್ತು ಎಂದಷ್ಟೇ ಹೇಳಿದ. ಆಮೇಲೆ ನೇರವಾಗಿ ನನ್ನ ಕಡೆ ತಿರುಗಿ, "ನಿಮಗ ಏನರ ಕೇಳೂದೈತೇನ್ರಿ?" ಅಂದ. ನನ್ನನ್ನು ಕೇಳಿದನಲ್ಲ, ಅಷ್ಟಕ್ಕೇ ನಾನು ಬಿದ್ದುಹೋದೆ.

ಅಪ್ಪನ ಮನಸ್ಸು ಸಿಂದಗಿಯ ಕಡೆಗೇ ಇತ್ತು. ಪೊಲೀಸನಿಗೆ ಕೊಟ್ಟರೆ ಹುಡುಗಿ ಹಬ್ಬ ಹುಣ್ಣಿಮೆಗೆ ಒಬ್ಬಳೇ ಕೂರಬೇಕು. ಅದೂ ಅಲ್ಲದೆ ಹೊಸದಾಗಿ ಸೇರಿದವರಿಗೆ ನಮ್ಮ ಹಾಗೆ ಖಾಯಂ ಪಿಂಚಣಿ ಇಲ್ಲ, ಪಗಾರದಲ್ಲಿ ತಿಂಗಳು ತಿಂಗಳು ಮುರಿದು ಎಲ್ಲಿಯೋ ತೊಡಗಿಸುತ್ತಾರೆ, ಕೊನೆಗೆ ಏನು ಬರುತ್ತದೋ ದೇವರಿಗೇ ಗೊತ್ತು ಎಂದು ಅವರ ಚಿಂತೆ. ಆ ದಿನಗಳಲ್ಲಿ ನಮ್ಮ ಕಡೆ ಹೆಣ್ಣಿನ ತಂದೆಯರು ಹುಡುಗನ ಗುಣಕ್ಕಿಂತ ಮೊದಲು ಪಿಂಚಣಿ ಹಳೆಯದೋ ಹೊಸದೋ ಎಂದು ವಿಚಾರಿಸುತ್ತಿದ್ದರು. ನನ್ನ ಮನಸ್ಸನ್ನು ಅವ್ವನ ಮುಂದೆ ಹೇಳಿದ್ದೆ. ಅವ್ವ ಅಪ್ಪನ ಮುಂದೆ ಹೇಳಿದ್ದಳು.

ಒಂದು ಸಂಜೆ ಅಪ್ಪ ಕಾಕಾ ಕಾಕು ಇಬ್ಬರನ್ನೂ ಮನೆಗೆ ಕರೆಸಿದರು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕುಳಿತಿದ್ದೆ. "ಜಮಾದಾರ್ರ, ಪೊಲೀಸ್ ನೌಕರಿ ಮಾಡಿ ನೋಡಿದವರು ನೀವು. ನೀವ ಹೇಳ್ರಿ, ಹುಡುಗಿ ಕೊಡ್ಲೋ ಬ್ಯಾಡೋ? ನಿಮ್ಮ ಮಾತು ನಾ ಮೀರೂದಿಲ್ಲ" ಅಂದರು ಅಪ್ಪ. ನನ್ನ ಕೈ ಮೊರದಲ್ಲೇ ನಿಂತಿತು. ಅಪ್ಪ ಬಲು ಜಾಣ. ದಿನಾ ಸಂಜೆ ಪೊಲೀಸ್ ನೌಕರಿಯನ್ನು ಬಯ್ಯುವ ಮನುಷ್ಯ ಬೇಡ ಎನ್ನದೆ ಇನ್ನೇನು ಅಂದಾನು? ಅಷ್ಟು ವರ್ಷ ನಕ್ಕು ಕೇಳಿದ ಜಗಳ ನನ್ನ ಕೊರಳಿಗೇ ಬಂತಲ್ಲ ಎಂದು ಅಳು ಬಂದಿತ್ತು.

ಕಾಕಾ ಕಾಕುವಿನ ಕಡೆ ಕೈ ತೋರಿಸಿದರು. "ಪಿಂಚಣಿ ನನ್ನ ಹೆಸರಿಗೆ ಬರ್ತೈತಿ ಮಾಸ್ತರ್ರ. ನೌಕರಿ ಮಾಡಿದಾಕಿ ಇಕಿ. ಇಕಿನ್ನ ಕೇಳ್ರಿ."

ಕಾಕು ಸೆರಗು ಸರಿಮಾಡಿಕೊಂಡಳು. ಅಷ್ಟು ಗಂಡಸರ ಜಗಳದಲ್ಲಿ ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಖರೆ ಹೇಳ್ತೇನ್ರಿ ಅಣ್ಣಾರ. ನನ್ನ ಎರಡನೇ ಕೂಸು ಹುಟ್ಟಿದಾಗ ಇವರು ಗಣಪತಿ ಬಂದೋಬಸ್ತಿಗೆ ಹೋಗಿದ್ರು. ಬಂದು ಕೂಸಿನ ಮಾರಿ ನೋಡೂದ್ರಾಗ ನಾವು ಹೆಸರ ಇಟ್ಟು ಮುಗಿಸಿದ್ವಿ. ಆ ಸಿಟ್ಟು ನನಗ ಇನ್ನೂ ಹೋಗಿಲ್ಲ. ಪಿಂಚಣಿ ಕೊಡೂಮುಂದ ಇಂಥಾದ್ದು ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಇವರು ಅನ್ಯಾಯ ಅಂತಾರಲ್ಲ, ಖರೇನ ಅನ್ಯಾಯ. ಆದ್ರ ಹಬ್ಬಾ ಮರುದಿನ ಮಾಡಿದ್ವಿ, ಯಾವ ದೇವರೂ ಮನಿ ಬಿಟ್ಟು ಹೋಗಲಿಲ್ಲ. ಇವರು ಎಷ್ಟ ತಡಾ ಮಾಡಿದ್ರೂ ಹೊಳ್ಳಿ ಮನಿಗೇ ಬಂದ್ರು. ನನಗ ಸಾಕಾತು. ನನಗ ಸಾಕಾಗಿದ್ದು ಈ ಹುಡುಗಿಗೆ ಸಾಕಾಗ್ತೈತೋ ಇಲ್ಲೋ, ಅದನ್ನ ನಾ ಹೆಂಗ ಹೇಳ್ಲಿ? ಅಕಿನ್ನ ಕೇಳ್ರಿ."

ಎಲ್ಲರೂ ಪಡಸಾಲೆಯ ಕಡೆ ತಿರುಗಿದರು. ನಾನು ಮೊರ ಕೆಳಗಿಟ್ಟೆ.

"ನಾನೂ ಮರುದಿನ ಮಾಡ್ತೇನಿ, ಅಪ್ಪಾ."

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿ, ಕಾಕಾನನ್ನು ನೋಡಿ, ಮತ್ತೆ ತಮ್ಮ ಕೊನೆಯ ಅಸ್ತ್ರ ತೆಗೆದರು. ಆದರೂ ಅವನದು ಹೊಸ ಪಿಂಚಣಿಯಲ್ಲವೇ ಎಂದರು. ಕಾಕಾ ಅದಕ್ಕೇ ಕಾದವರಂತೆ ಎದ್ದು ನಿಂತರು. "ಸಿಂದಗಿ ಮಾಸ್ತರಂದೂ ಹೊಸದ ಐತ್ರಿ! ಒಂದ ತಕ್ಕಡಿ, ಒಂದ ತಕ್ಕಡಿ ಅಂತಿದ್ರಲ್ಲ? ಕಡೀಕೆ ಬಂತ ನೋಡ್ರಿ ನಿಮ್ಮ ತಕ್ಕಡಿ!" ಅಪ್ಪ ತಡೆಯಲಾರದೆ ನಕ್ಕುಬಿಟ್ಟರು. ಅಪ್ಪ ನಕ್ಕರೆ ಒಪ್ಪಿದಂತೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮದುವೆಯ ದಿನ ಕಾಕಾ ಅಕ್ಷತೆಗೆ ಒಳಗೆ ಬಂದದ್ದು ಬಿಟ್ಟರೆ ಉಳಿದ ಹೊತ್ತೆಲ್ಲ ಮಂಟಪದ ಬಾಗಿಲಲ್ಲೇ ನಿಂತು ಮುದ್ದೇಬಿಹಾಳದಿಂದ ಬಂದ ಟೆಂಪೋಗಳಿಗೆ ಜಾಗ ತೋರಿಸುತ್ತಿದ್ದರು. ಅವರ ಪಾಲಿನ ಬುಂದಿಯನ್ನು ಕಾಕು ಕಟ್ಟಿಕೊಂಡು ಹೋದಳು.

ಈಗ ನಾವು ಬಸವನ ಬಾಗೇವಾಡಿಯ ಕ್ವಾರ್ಟರ್ಸಿನಲ್ಲಿದ್ದೇವೆ. ನಾನು ಇಲ್ಲಿಯೂ ಖಾಸಗಿ ಶಾಲೆಯಲ್ಲೇ ಕಲಿಸುತ್ತೇನೆ. ಹಳೆಯ ಪಿಂಚಣಿ ಮತ್ತೆ ಬರುತ್ತದೆ ಎಂದು ಒಬ್ಬರು, ಬರುವುದಿಲ್ಲ ಎಂದು ಇನ್ನೊಬ್ಬರು, ನಲ್ಲಿಯ ಹತ್ತಿರ ನಾವು ಹೆಂಗಸರೂ ಈಗ ಅದೇ ಮಾತಾಡುತ್ತೇವೆ. ನನ್ನನ್ನು ಕೇಳಿದರೆ ಕಾಕಾ ಹೇಳಿದ್ದೇ ಸರಿ. ಹಗಲು ರಾತ್ರಿ ಎನ್ನದೆ ನಿಲ್ಲುವವನಿಗೂ ಹೊತ್ತಿಗೆ ಸರಿಯಾಗಿ ಮನೆ ಸೇರುವವನಿಗೂ ಒಂದೇ ಅಳತೆ ಹಿಡಿದರೆ ಅದು ನ್ಯಾಯ ಅಲ್ಲ. ಹಾಗೆಂದು ನಾನು ದುಃಖದಲ್ಲಿದ್ದೇನೆ ಅಂದುಕೊಳ್ಳಬೇಡಿ. ಬಹಳ ಸುಖವಾಗಿದ್ದೇನೆ. ಯುಗಾದಿಯ ಮರುದಿನ ಬೇವು ಬೆಲ್ಲ ತಿನ್ನುವಾಗ ಗಂಡನ ಮುಖದಲ್ಲಿ ನಿದ್ದೆ ಇರುತ್ತದೆ, ನಗುವೂ ಇರುತ್ತದೆ. ಇವತ್ತೇ ನಿಜವಾದ ಹಬ್ಬ ಎಂದು ಮಗಳು ತನ್ನ ಗೆಳತಿಯರ ಹತ್ತಿರ ಜಗಳಕ್ಕೆ ನಿಲ್ಲುತ್ತಾಳೆ.

ಕಾಕಾ ಹೋಗಿ ಬಹಳ ದಿನ ಆಗಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವತ್ತು ಯಾವ ಹಬ್ಬವೂ ಇರಲಿಲ್ಲ, ಯಾವ ಬಂದೋಬಸ್ತೂ ಇರಲಿಲ್ಲ. ಹಾಗಾಗಿ ಠಾಣೆಯವರೆಲ್ಲ ಬರಲು ಆಯಿತು, ನನ್ನ ಗಂಡನೂ ಬಂದ. ಈಗ ಕಾಕುವಿಗೆ ಕುಟುಂಬ ಪಿಂಚಣಿ ಬರುತ್ತದೆ. ಕಾಕಾನಿಗೆ ಬರುತ್ತಿದ್ದುದಕ್ಕಿಂತ ಅದು ಕಡಿಮೆ. ನೌಕರಿ ಮಾಡಿದವಳು ಅವಳು ಎಂದು ಕಾಕಾ ಹೇಳಿದ್ದನ್ನು ನೆನೆದಾಗ ನನಗೆ ಹೊಟ್ಟೆ ಉರಿಯುತ್ತದೆ. ಅವಳೇನೋ ಸಾಕು ಅನ್ನುತ್ತಾಳೆ. ಅವಳು ಯಾವುದಕ್ಕೆ ಸಾಕು ಅಂದಿಲ್ಲ...

ಮೊನ್ನೆ ಊರಿಗೆ ಹೋದಾಗ ಒಳಗಿದ್ದೆ. ಕಟ್ಟೆಯ ಮೇಲೆ ಅಪ್ಪನ ದನಿ ಜೋರಾಗಿತ್ತು. ಹೊರಗೆ ಬಂದು ನೋಡಿದರೆ ಅಪ್ಪ ಮತ್ತು ಕಂಪೌಂಡರ್ ಇಬ್ಬರೇ. ಅಪ್ಪ ತೊಡೆ ತಟ್ಟಿ ಹೇಳುತ್ತಿದ್ದರು, ಪೊಲೀಸರಿಗೆ ವಾರದ ರಜೆ ಅನ್ನುವುದು ಹೆಸರಿಗೆ, ಪ್ರಮೋಷನ್ ಅನ್ನುವುದು ಆಮೆಯ ಹೆಜ್ಜೆ, ಅವರ ಪಿಂಚಣಿ ನಮ್ಮದಕ್ಕಿಂತ ಹೆಚ್ಚಿರಬೇಕು, ಅದು ನ್ಯಾಯ ಎಂದು. ಒಂದೊಂದು ಮಾತೂ ಕಾಕಾನದೇ. ಕಂಪೌಂಡರ್ ಕಕ್ಕಾಬಿಕ್ಕಿಯಾಗಿದ್ದರು.

"ಅಲ್ರಿ ಮಾಸ್ತರ್ರ, ಇಷ್ಟ ವರ್ಷ ಎಲ್ಲಾರಿಗೂ ಒಂದ ತಕ್ಕಡಿ ಅಂತ ಹೇಳಿಕೋತ ಬಂದಾಂವ್ರು ನೀವ ಅಲ್ರಿ?"

ಅಪ್ಪ ಪಕ್ಕದ ಮನೆಯ ಖಾಲಿ ಕಟ್ಟೆಯ ಕಡೆ ನೋಡಲಿಲ್ಲ. ಧೋತರದ ಅಂಚನ್ನು ಸರಿಮಾಡಿಕೊಳ್ಳುತ್ತಾ ಅಂದರು:

"ಅವಾಗ ಎದುರು ಮಾತಾಡಾಂವ ಇದ್ದ. ಈಗ ಅಂವನ ಪಾಲಿಂದೂ ನಾನ ಆಡಬೇಕಲ್ಲ."