ಒಲೆಗೆ ಗಾಳಿ ತಂದದ್ದು

ಮದ್ರಾಸಿಗೆ ಬಂದು ಮೊದಲ ಸಲ ಒಲೆ ಹಚ್ಚಿದಾಗ, ಮೇಲೆ ಹೋಗಬೇಕಾದ ಹೊಗೆ ಕೊಳವೆಯಿಂದ ಕೆಳಗಿಳಿದು ನನ್ನ ಮುಖಕ್ಕೇ ಬಂತು. ಅರವತ್ತು ವರ್ಷ ಒಲೆ ಮುಂದೆ ಕೂತವಳು ನಾನು. ಇಂಥದ್ದು ಕಂಡಿರಲಿಲ್ಲ.

ಗಂಡ ಸತ್ತ ಮೇಲೆ ಕುಂದಾಪುರದ ಕಡೆಯ ಮನೆಯನ್ನು ಮೈದುನನಿಗೆ ಬಿಟ್ಟು, ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಹೋಟೆಲು ನಡೆಸುವ ಮಗ ರಘುವಿನ ಹತ್ತಿರ ಬಂದೆ. ಕುಚ್ಚಲಕ್ಕಿ ಗಂಜಿಗೆ ಸೌದೆ ಒಲೆ ಬೇಕು ಎಂದಿದ್ದೆ, ಕಟ್ಟಿಸಿಕೊಟ್ಟ. ಹೊಗೆ ಬಂತೆಂದು ದೊಡ್ಡ ಎಕ್ಸಾಸ್ಟ್ ಫ್ಯಾನನ್ನೂ ಹಾಕಿಸಿದ. ಫ್ಯಾನು ತಿರುಗಿದಷ್ಟೂ ಹೊಗೆ ಹೆಚ್ಚಾಯಿತು. ಒಂದು ದಿನ ತಲೆ ಸುತ್ತಿ ಅಲ್ಲೇ ಕುಸಿದು ಕೂತೆ.

ಸೊಸೆ ಸುಮತಿ ಇಲ್ಲೇ ಹುಟ್ಟಿ ಬೆಳೆದವಳು. "ಪೋದುಂ ಅತ್ತೆ, ಸಾಕು! ನಿಮಗೇನಾದ್ರೂ ಆದ್ರೆ ಕೇಳಿದವರಿಗೆ ಯಾರು ಬದಿಲ್ ಹೇಳೋದು? ಭಾನುವಾರ ಒಲೆ ಒಡೆಸಿಬಿಡ್ತೀನಿ."

"ಒಡ್ಸು. ಗ್ಯಾಸಲ್ಲಿ ಬೇಯಿಸಿದ ಗಂಜಿ ನೀನೇ ಉಣ್ಣು."

ಹಾಗೆಂದರೂ ಹೆದರಿಕೆಯಾಯಿತು. ಈ ಊರಿನಲ್ಲಿ ನನ್ನದು ಎನ್ನಲು ಆ ಒಲೆ ಒಂದೇ ಇತ್ತು.

ಊರ ಅಡುಗೆಮನೆ ನೆನಪಾಯಿತು. ಹಂಚಿನ ಸಂದಿಯಲ್ಲಿ ಬಿಸಿಲು ಬೀಳುತ್ತಿತ್ತು. ಬಾಗಿಲ ಅಡಿ ಗೆದ್ದಲು ತಿಂದ ಜಾಗದಲ್ಲಿ ಬೆಕ್ಕು ನುಗ್ಗುತ್ತಿತ್ತು, ಗಾಳಿಯೂ ನುಗ್ಗುತ್ತಿತ್ತು. ಒಲೆಗೆ ನಾವು ಯಾರೂ ಗಾಳಿ ಕೊಟ್ಟದ್ದಲ್ಲ, ಅದೇ ತೆಗೆದುಕೊಳ್ಳುತ್ತಿತ್ತು. ಇಲ್ಲಿ ಸೊಳ್ಳೆಗೆ, ಏಸಿಗೆ ಎಂದು ಕಿಟಕಿಗೆ ಗಾಜು, ಬಾಗಿಲಿಗೆ ರಬ್ಬರು. ಇದ್ದ ಗಾಳಿಯನ್ನೂ ಫ್ಯಾನು ಹೊರಗೆ ನೂಕುತ್ತದೆ. ಹೊರಗಿನ ಗಾಳಿಗೆ ಒಳಗೆ ಬರಲು ಹೊಗೆಕೊಳವೆ ಬಿಟ್ಟು ಬೇರೆ ದಾರಿಯಿಲ್ಲ.

ಫ್ಯಾನು ನಿಲ್ಲಿಸಿ ಹಿತ್ತಿಲ ಬಾಗಿಲು ತೆರೆದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಮುಚ್ಚಿದೆ, ಮತ್ತೆ ಇಳಿಯಿತು. ಒಲೆಗೆ ಉಸಿರು ಕಟ್ಟಿತ್ತು, ಅಷ್ಟೇ.

ಶನಿವಾರ ಗಾರೆಯವನನ್ನು ಕರೆಸಿ, ಒಲೆಯ ಪಕ್ಕ ನೆಲದ ಹತ್ತಿರ ಗೋಡೆ ಕೊರೆಯಲು ಹೇಳಿದೆ. ಅವನು ನಕ್ಕ. "ಪಾಟಿ, ಎಲ್ಲಾರುಂ ಪುಗೆಯ ವೆಳಿಯ ಅನುಪ್ಪುವಾಂಗ. ನೀಂಗ ಕಾತ್ತ ಉಳ್ಳ ಕೂಪ್ಪಿಡ್ರೀಂಗ!" ಅಜ್ಜಿ, ಎಲ್ಲರೂ ಹೊಗೆಯನ್ನು ಹೊರಗೆ ಕಳಿಸುತ್ತಾರೆ, ನೀವು ಗಾಳಿಯನ್ನು ಒಳಗೆ ಕರೆಯುತ್ತೀರಿ ಎಂದು.

"ಕೊರಿ ಮಾರಾಯ. ಬರೂಕೆ ಒಂದು ದಾರಿ ಬೇಡ್ದಾ ಅದಕ್ಕೆ?"

ತೂತಿಗೆ ಕೂರಿಸಲು ಪ್ಲಾಸ್ಟಿಕ್ ಪೈಪು ತಂದಿದ್ದ. ಬೆಂಕಿಯ ಬುಡಕ್ಕೆ ಪ್ಲಾಸ್ಟಿಕ್ಕೇ ಎಂದು ಬೈದು ಕಬ್ಬಿಣದ್ದು ತರಿಸಿದೆ. ಇಲಿ ಬಾರದ ಹಾಗೆ ಹೊರಬಾಯಿಗೆ ಬಲೆ ಕಟ್ಟಿಸಿದೆ.

ಭಾನುವಾರ ಸುಮತಿ ಬಾಗಿಲು ಕಿಟಕಿಗಳನ್ನೆಲ್ಲ ತಾನೇ ಮುಚ್ಚಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಫ್ಯಾನು ಹಾಕದೆ ತೆಂಗಿನ ಗರಿ ಹಚ್ಚಿದೆ. ಪೈಪಿನಿಂದ ಸಮುದ್ರದ ಗಾಳಿ ಸುಯ್ಯೆಂದು ಬಂದು ಬೆಂಕಿ ಎದ್ದಿತು. ಹೊಗೆ ಮೇಲೆ ಹೋಯಿತು. ಅವಳು ಮೂಗು ಚಾಚಿ ಮೂಲೆಮೂಲೆ ಮೂಸಿ ನೋಡಿ, "ಪರವಾಯಿಲ್ಲ ಅತ್ತೆ, ಇರ್ಲಿ ಬಿಡಿ" ಎಂದಳು. ಗಂಜಿಯನ್ನು ಎರಡು ಸಲ ಹಾಕಿಸಿಕೊಂಡಳು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮೈದುನ ಹಂಚು ತೆಗೆಸಿ ತಾರಸಿ ಹಾಕಿಸಿದ್ದಾನೆ. ನನ್ನ ಒಲೆ ಇದ್ದ ಜಾಗದಲ್ಲಿ ಫ್ರಿಜ್ಜು ಗುಂಯ್ಗುಡುತ್ತಿದೆ. ಬೆಳಿಗ್ಗೆ ಎದ್ದು ಅದರ ಮುಂದೆ ಹೋಗಿ ನಿಂತು, ಕೈಗೆ ಕೆಲಸವಿಲ್ಲದೆ ವಾಪಸು ಬರುತ್ತಿದ್ದೆ. ನಾಲ್ಕನೆಯ ದಿನ, ಮನೆಗೆ ಹೋಗಬೇಕು ಎಂದೆ.

"ಹ್ವಾಯ್ ಅತ್ತಿಗೆ, ಮನೆ ಇದೇ ಅಲ್ದಾ?" ಎಂದ ಮೈದುನ.

ಹೌದು ಎಂದೆ. ಮದ್ರಾಸಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.