ಅಡುಗೆಮನೆಯ ಗೋಡೆ ಒಣಗುವವರೆಗೆ

ನಮ್ಮ ದೊಡ್ಡಪ್ಪ ಮೂವತ್ತು ವರ್ಷಗಳ ಹಿಂದೆ ಸುಟ್ಟ ಇಟ್ಟಿಗೆಯಲ್ಲಿ ಒಂದು ಮನೆ ಕಟ್ಟಿಸಿದ್ದರು. ಅದು ಇನ್ನೂ ನಿಂತಿದೆ. ಆದ್ದರಿಂದ ಲೋಕದ ಯಾವ ಗೋಡೆಯ ಬಗ್ಗೆಯೂ ಕೊನೆಯ ಮಾತು ಅವರದೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ತರ್ಕವನ್ನು ನಾನು ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ. ಆದರೆ ಅಲ್ಲಿ ಎದುರಾಳಿಯ ಕೈಯಲ್ಲಿ ನೀರಿನ ಪೈಪು ಇರುತ್ತಿರಲಿಲ್ಲ.

ಸೂಲಿಬೆಲೆ ಹತ್ತಿರದ ನಮ್ಮೂರಿನಲ್ಲಿ ಹಳೆಯ ಅಡುಗೆಮನೆ ಕೆಡವಿ, ಅದೇ ಜಾಗದಲ್ಲಿ ಸಿಮೆಂಟ್ ಬ್ಲಾಕಿನಲ್ಲಿ ಹೊಸದು ಕಟ್ಟಿಸುತ್ತಿದ್ದೆವು. ಅದು ಮುಗಿಯುವ ತನಕ ಅಮ್ಮನ ಅಡುಗೆ ಹಿತ್ತಲಿನ ತಗಡಿನ ಕೆಳಗೆ. ಗ್ಯಾಸ್ ಒಲೆ ಗಾಳಿಗೆ ಆರಿಹೋಗುತ್ತಿತ್ತು; ಸೌದೆ ಹಚ್ಚಿದರೆ ಗಾಳಿ ಎತ್ತ ಬೀಸಿದರೂ ಹೊಗೆ ಅವಳ ಕಣ್ಣಿಗೇ. ಬೇಗ ಒಳಗೆ ಹೋಗಬೇಕು ಎನ್ನುವುದೊಂದೇ ಅವಳ ಬೇಡಿಕೆ.

ಒಂದು ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ದೊಡ್ಡಪ್ಪ ಬ್ಲಾಕಿನ ರಾಶಿಗೆ ಪೈಪಿನಿಂದ ಅಭಿಷೇಕ ನಡೆಸಿದ್ದರು. ಮೇಸ್ತ್ರಿ ಆ ತೊಟ್ಟಿಕ್ಕುವ ಬ್ಲಾಕುಗಳಲ್ಲೇ ಪಡುವಣ ಗೋಡೆಯನ್ನು ಎದೆಯೆತ್ತರಕ್ಕೆ ಎಬ್ಬಿಸಿದ್ದರು.

"ದೊಡ್ಡಪ್ಪ, ನೆನೆಸೋದು ಇಟ್ಟಿಗೇನ, ಬ್ಲಾಕ್‌ನಲ್ಲ. ನೀರು ಕುಡಿದ ಬ್ಲಾಕು ಒಣಗ್ದಾಗ ಕುಗ್ಗುತ್ತೆ, ಗೋಡೆ ಬಿರುಕು ಬಿಡುತ್ತೆ."

"ನೀನು ಎಷ್ಟು ಗೋಡೆ ಕಟ್ಟಿದ್ದೀಯೋ?"

"ಒಂದೂ ಇಲ್ಲ. ನೀವೂ ಕಟ್ಟಿಲ್ಲ, ಕಟ್ಸಿದ್ದೀರ. ಕಟ್ಟೋರು ಇಲ್ಲೇ ಅವ್ರೆ, ಕೇಳಣ."

ಮೇಸ್ತ್ರಿ ಕರಣೆ ಕೆಳಗಿಟ್ಟರು. "ಹುಡ್ಗ ಹೇಳೋದು ಸರಿ ಸಾಮಿ. ಬಿಸ್ಲಿಗೆ ಕಾದಿದ್ರೆ ಮೇಲೊಂಚೂರು ಚಿಮುಕ್ಸಿದ್ರೆ ಸಾಕು."

"ಮತ್ತೆ ಬೆಳಿಗ್ಗೆಯಿಂದ ಯಾಕಯ್ಯಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

ಪೈಪು ನಿಂತಿತು. ನೀರು ತಾಗದೆ ಉಳಿದಿದ್ದ ಬ್ಲಾಕುಗಳಿಗೆ ಟಾರ್ಪಾಲು ಹೊದಿಸಿದೆ. ಉಳಿದ ಮೂರು ಗೋಡೆ ಅವುಗಳಲ್ಲೇ ಎದ್ದವು. ಪಡುವಣ ಗೋಡೆ ಮಾತ್ರ ದೊಡ್ಡಪ್ಪನ ಸ್ಮಾರಕವಾಗಿ ಉಳಿಯಿತು.

ಸೂರು ಹೊದಿಸಿದ ದಿನ ದೊಡ್ಡಪ್ಪ ಘೋಷಿಸಿದರು: "ನಾಳೇನೇ ಪ್ಲಾಸ್ಟರ್ ಹೊಡ್ಸಿ." ನಾನು ಎದ್ದು ನಿಂತೆ. ಗೋಡೆ ಮೊದಲು ಒಣಗಿ, ಕುಗ್ಗುವಷ್ಟು ಕುಗ್ಗಲಿ. ಬಿರುಕು ಬಿಡುವುದಿದ್ದರೆ ಈಗಲೇ ಬಿಡಲಿ. ಅವಸರದಲ್ಲಿ ಬಳಿದರೆ ಗೋಡೆಯ ಜೊತೆ ಪ್ಲಾಸ್ಟರೂ ಸೀಳುತ್ತದೆ. ಮೂರು ಅಂಶ, ಒಂದು ಉಪಸಂಹಾರ. ಇನ್ನೇನು, ಚಪ್ಪಾಳೆಯೊಂದು ಬಾಕಿ.

ಚಪ್ಪಾಳೆಯ ಬದಲು ಅಮ್ಮ ಬಂದಳು. ಕಣ್ಣು ಕೆಂಪು, ಕೈಯಲ್ಲಿ ಮುದ್ದೆ ಕೋಲು.

"ಎಷ್ಟು ದಿನ ಒಣಗ್ಬೇಕಪ್ಪಾ?"

"ಮೂರು ವಾರ, ಅಮ್ಮ."

"ಆಗ್ಲಿ, ಕಾಯಣ. ಅಲ್ಲೀಗಂಟ ಮುದ್ದೆ ನೀನೇ ತಿರುವು."

ಚರ್ಚಾಸ್ಪರ್ಧೆಯ ನಿಯಮಗಳಲ್ಲಿ ಇಂಥದ್ದೊಂದು ಇರಲೇ ಇಲ್ಲ. ಅಲ್ಲಿ ವಾದಿಸಿ ಗೆದ್ದು, ಸ್ಟೀಲ್ ಲೋಟ ಬಹುಮಾನ ಪಡೆದು ಬಸ್ಸು ಹತ್ತುವುದು ರೂಢಿ. ನನ್ನ ವಾದದ ಹೊಗೆ ಇನ್ಯಾರದೋ ಕಣ್ಣಿಗೆ ಹೋಗುತ್ತಿದೆ ಎಂದು ಯಾವ ತೀರ್ಪುಗಾರರೂ ಅಂಕ ಕಳೆದಿರಲಿಲ್ಲ.

ಮೊದಲ ದಿನದ ಮುದ್ದೆ ನೋಡಲೆಂದೇ ದೊಡ್ಡಪ್ಪ ಡೈರಿಗೆ ಹಾಲು ಹಾಕಿ ನೇರ ನಮ್ಮ ಮನೆಗೆ ಬಂದರು. ತುತ್ತು ಮುರಿಯಲು ಹೋಗಿ ಬೆರಳು ಹಿಂದೆಗೆದರು.

"ಏನಪ್ಪಾ, ಇದು ಮುದ್ದೆನೋ ಬ್ಲಾಕೋ?"

"ನೆನೆಸ್ಕೊಂಡು ತಿನ್ನಿ ದೊಡ್ಡಪ್ಪ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಎರಡು ವಾರ ಕಳೆಯುವಷ್ಟರಲ್ಲಿ ಪಡುವಣ ಗೋಡೆಯಲ್ಲಿ ಗಾರೆಯ ಸಂದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಒಂದು ಬಿರುಕು ಇಳಿದಿತ್ತು. ದೊಡ್ಡಪ್ಪನನ್ನು ಗೌರವಪೂರ್ವಕವಾಗಿ ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಕೂಲಂಕಷವಾಗಿ ನೋಡಿ, "ಕಲ್ಲಿನ ಲಾರಿ ಓಡಾಡ್ತವಲ್ಲ, ಅದ್ರ ಅದುರು" ಎಂದರು. ರಸ್ತೆ ಇರುವುದು ಮೂಡಣಕ್ಕೆ. ಹತ್ತಿರದ ಗೋಡೆಯನ್ನು ಮುಟ್ಟದೆ ಹಾದು, ಆಚೆಯ ಗೋಡೆಯನ್ನಷ್ಟೇ ಆರಿಸಿಕೊಂಡು ಸೀಳುವ ಲಾರಿಗಳ ವಿವೇಕಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಇಪ್ಪತ್ತೊಂದು ದಿನ ತುಂಬಿದ ಮೇಲೆ ಮೇಸ್ತ್ರಿ ಬಿರುಕನ್ನು ಕೆರೆದು, ಗಾರೆ ತುಂಬಿ, ಅದರ ಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ ಬಡಿದು, ನಾಲ್ಕೂ ಗೋಡೆಗೆ ಪ್ಲಾಸ್ಟರ್ ಮುಗಿಸಿದರು. ನಾನು ಕೋಲನ್ನು ಅಮ್ಮನ ಕೈಗೆ ಒಪ್ಪಿಸಲು ಹೋದೆ.

"ಅಮ್ಮೋರೇ, ಪ್ಲಾಸ್ಟರಿಗೆ ಇನ್ನು ಏಳು ದಿನ ನೀರು ಹೊಡೀಬೇಕು. ಅಲ್ಲೀಗಂಟ ಒಳಗೆ ಒಲೆ ಇಡ್ಬೇಡಿ" ಎಂದರು ಮೇಸ್ತ್ರಿ, ಕರಣೆ ತೊಳೆಯುತ್ತಾ.

"ಏಳ್ ದಿನ ಯಾಕೆ? ಮೂರು ಸಾಕು" ಎಂದರು ದೊಡ್ಡಪ್ಪ.

ಜೀವನದಲ್ಲಿ ಮೊದಲ ಸಲ ದೊಡ್ಡಪ್ಪನ ಮಾತಿನಲ್ಲಿ ನನಗೆ ಸತ್ವ ಕಂಡಿತು. ಅವರ ಪರವಾಗಿ ಎರಡು ಅಂಶಗಳು ನಾಲಗೆಯ ತುದಿಗೂ ಬಂದವು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏಳೇ, ದೊಡ್ಡಪ್ಪ" ಎಂದು, ಎಸರು ಇಡಲು ತಗಡಿನ ಕಡೆ ನಡೆದೆ.