ಅಳತೆ ಕೂಗದ ವೀರಭದ್ರಪ್ಪ

ಕುರುಗೋಡಿನ ಟೇಲರ್ ವೀರಭದ್ರಪ್ಪ ಮಕ್ಕಳ ಅಳತೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟೇಪು ಸುತ್ತಿ, ಕಣ್ಣು ಕಿರಿದು ಮಾಡಿ, ತಾವೇ ಬಗ್ಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಶಾಲೆ ಶುರುವಾಗುವ ಜೂನ್ ತಿಂಗಳ ನೂಕುನುಗ್ಗಲಿನಲ್ಲೂ ಅಷ್ಟೇ.

ಮೊದಲು ಹಾಗಿರಲಿಲ್ಲವಂತೆ. ಒಂದು ವರ್ಷ ಅಂಗಡಿ ತುಂಬ ಮಂದಿ ಇದ್ದಾಗ ಒಬ್ಬ ಹುಡುಗಿಯ ಸೊಂಟದ ಅಳತೆ ಜೋರಾಗಿ ಕೂಗಿದರು. ಮಕ್ಕಳೆಲ್ಲ ನಕ್ಕರು. ಅವಳು ಊಟ ಬಿಟ್ಟಳು. ವಾರದ ಮೇಲೆ ಶಾಲೆಯ ಪ್ರಾರ್ಥನೆಯಲ್ಲಿ ತಲೆ ತಿರುಗಿ ಬಿದ್ದಳು. "ನನ್ನ ಬಾಯಿಂದ ಆ ಕೂಸು ಉಪಾಸ ಬಿತ್ತವ್ವಾ" ಎನ್ನುತ್ತಿದ್ದರು.

ನನ್ನ ಶಾಲೆಯ ಲಂಗಗಳೆಲ್ಲ ಅವರೇ ಹೊಲಿದವು. ಮದುವೆಯಾಗಿ ಬಳ್ಳಾರಿ ಸೇರಿ, ಜೀನ್ಸ್ ಘಟಕದಲ್ಲಿ ದಿನವಿಡೀ ಜೇಬು ಕೂಡಿಸುವ ಕೆಲಸಕ್ಕೆ ಹೋದ ಮೇಲೂ ಮಗಳು ಸುಮಾಳನ್ನು ಅವರಲ್ಲಿಗೇ ಕರೆತರುತ್ತಿದ್ದೆ. ಅವಳಿಗೆ ಹತ್ತು ತುಂಬಿದ ವರ್ಷ ಲಂಗ ಆರೇ ತಿಂಗಳಿಗೆ ಬಿಗಿಯಾಯಿತು. ಹೊಲಿಗೆ ಬಿಚ್ಚಿಸಲು ಹೋದಾಗ, ದಣಿದಿದ್ದೆನೋ ಏನೋ, ಅವರೆದುರೇ ಮಗಳ ಮೇಲೆ ರೇಗಿದೆ: "ಎಷ್ಟು ತಿಂತೀಯೇ? ನಾಚ್ಕಿ ಆಗಲ್ಲೇನು?"

ವೀರಭದ್ರಪ್ಪ ಹಳೆಯ ಅಳತೆ ಪುಸ್ತಕ ತಂದು ಬಿಚ್ಚಿದರು. ಹತ್ತು ವರ್ಷದವಳಿದ್ದಾಗ ನನ್ನ ಸೊಂಟ ಇಪ್ಪತ್ತೊಂದು ಇಂಚು. ಈಗಿನ ಪುಸ್ತಕದಲ್ಲಿ ಸುಮಾಳದನ್ನು ಬೆರಳಿಟ್ಟು ತೋರಿಸಿದರಷ್ಟೇ.

"ಆವಾಗ ಲಂಗ ಜಾರಬಾರ್ದಂತ ಲಾಡಿ ಹಾಕ್ತಿದ್ದೆ. ಈಗ ಬಿಚ್ಚಾಕ ಬರ್ಲಿ ಅಂತ ಒಳಗ ನಾಕು ಬೆರಳ ಬಟ್ಟಿ ಬಿಡ್ತೀನಿ. ಇಕಿ ಒಬ್ಬಾಕಿಗಲ್ಲ, ವರ್ಷಾ ವರ್ಷಾ ಎಷ್ಟೋ ಹುಡುಗ್ರಿಗೆ. ನೀ ಬಯಲಾಗ ಓಡಾಡಿ ಬೆಳದಿ. ಇಕಿ ಎಲ್ಲಿ ಓಡಬೇಕು, ಹೇಳು?"

ನಾನು ಬರುವವರೆಗೆ ಹೊರಗೆ ಹೋಗಬೇಡ ಎಂದು ಚಿಪ್ಸ್ ಪೊಟ್ಟಣ ಕೊಟ್ಟು ಟಿವಿ ಮುಂದೆ ಕೂರಿಸಿ ಹೋಗುತ್ತಿದ್ದವಳು ನಾನೇ. ಅಂದಿನಿಂದ ರೇಗುವುದನ್ನು ಬಿಟ್ಟೆ. ಅವಳ ಸೊಂಟವೇನೂ ಅಷ್ಟಾಗಿ ಇಳಿಯಲಿಲ್ಲ.

ಕಳೆದ ವರ್ಷ ಅವರು ಅಂಗಡಿ ಮುಚ್ಚಿ ಸಿರುಗುಪ್ಪದ ಮಗಳ ಮನೆ ಸೇರಿದರು. ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಸುಮಾಳೊಂದಿಗೆ ಹೋದೆ.

"ಆಡ್ತೀಯೇನವ್ವಾ?" ಎಂದು ಅವಳನ್ನು ಕೇಳಿದರು.

"ಸಂಜೀಕ ಅಮ್ಮನ ಜೋಡಿ ನಡೀತೀನಿ ಅಜ್ಜಾ. ಅಮ್ಮಗ ಕಾಲು ನೋಯ್ತಾವ, ನಡುವ ಕುಂದ್ರುತೀವಿ."

"ಕುಂದರ್ರಿ, ತಪ್ಪಿಲ್ಲ" ಎಂದು ಕಣ್ಣು ಮುಚ್ಚಿಕೊಂಡರು.

ಆ ವಾರವೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಯಂತ್ರದ ಮುಂದಿದ್ದೆ. ಮನೆಗೆ ಬಂದರೆ ಸುಮಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಕೋಟೆ ಗುಡ್ಡದ ಬುಡದವರೆಗೆ ನಡೆದ ಮೇಲೆ ಅಜ್ಜ ಹೋದದ್ದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದು, ನನ್ನ ಕಾಲಿಗೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಹಾಕಿದಳು.